ಒತ್ತಡದೊಳಗಿನ ಆಕಾರ

ಉಲಾರ್‌ಬೆಕ್‌ನ ತಟ್ಟೆಗೆ ಬಂದದ್ದು ಪಕ್ಕೆಲುಬು. ಅವನು ಅದನ್ನು ನೋಡಿದ, ಎದುರು ಕೂತವನ ತಟ್ಟೆ ನೋಡಿದ, ಮತ್ತೆ ತನ್ನದನ್ನೇ ನೋಡಿದ. ಎದುರಿನವನು ಸಚಿವಾಲಯದಿಂದ ಬಂದ, ಮೂವತ್ತೈದೂ ದಾಟದ ಅಧಿಕಾರಿ. ಅವನ ಮುಂದೆ ಮಜ್ಜೆ ತುಂಬಿದ ತೊಡೆಯ ಎಲುಬು ಹಬೆಯಾಡುತ್ತಿತ್ತು. ಕುರಿ ಕಡಿದ ಪಂಕ್ತಿಯಲ್ಲಿ ಯಾರಿಗೆ ಯಾವ ಎಲುಬು ಎನ್ನುವುದು ಬಡಿಸುವವನ ಮರ್ಜಿಗೆ ಬಿಟ್ಟದ್ದಲ್ಲ. ವಯಸ್ಸು ನೋಡಬೇಕು, ಸ್ಥಾನ ನೋಡಬೇಕು, ಬಂದವರು ಎಷ್ಟು ದೂರದವರೆಂದು ನೋಡಬೇಕು. ನಲವತ್ತೊಂಬತ್ತು ವರ್ಷದವನ ಮುಂದೆ, ಅದರಲ್ಲಿ ಇಪ್ಪತ್ತನ್ನು ಇದೇ ಪ್ರಯೋಗಾಲಯಕ್ಕೆ ಸುರಿದವನ ಮುಂದೆ ಪಕ್ಕೆಲುಬು ಇಡುವುದೆಂದರೆ ನೀನಿನ್ನೂ ಹುಡುಗರ ಸಾಲಿನವನು ಎಂದು ಮೂವತ್ತು ಜನರ ಎದುರು ಹೇಳಿದಂತೆ. ಹಂಚಿದವನು ಉಲಾರ್‌ನ ಗುರು ಸಾತಿಬಾಲ್ಡಿ ಅಗಾಯ್‌ರ ತಮ್ಮ. ಬೇಕೆಂದೇ ಮಾಡಿದನೋ, ಕಣ್ಣು ಮಂಜಾಗಿ ಮಾಡಿದನೋ. ಅಗಾಯ್‌ರಿಗೆ ಇವತ್ತು ಎಪ್ಪತ್ತು ತುಂಬಿತ್ತು. ಬಿಷ್ಕೆಕ್‌ನ ಹಳೆಯ ಬಸ್ ನಿಲ್ದಾಣದ ಹಿಂದಿನ ಈ ಹೋಟೆಲಿನಲ್ಲಿ, ಉದ್ದ ಮೇಜಿನ ತಲೆಯ ಕಡೆ, ಎತ್ತರದ ಬಿಳಿ ಟೋಪಿ ಇಟ್ಟುಕೊಂಡು ಕೂತು ಅವರು ಯಾರನ್ನೂ ನೋಡದೆ ಎಲ್ಲರಿಗೂ ನಗುತ್ತಿದ್ದರು. ತನ್ನ ತಟ್ಟೆಯಲ್ಲಿ ಏನಿದೆ ಎಂದು ಗಮನಿಸದವರು ಇಲ್ಲಿ ಒಬ್ಬರೂ ಇಲ್ಲ ಎಂದು ಉಲಾರ್‌ಗೆ ಖಾತ್ರಿಯಾಗಿತ್ತು. ಗಮನಿಸಿಯೂ ಗಮನಿಸದ ಹಾಗೆ ಇರುವುದು ಈ ಜನಕ್ಕೆ ಚೆನ್ನಾಗಿ ಬರುತ್ತದೆ. ನೇರವಾಗಿ ನೋಡುತ್ತಿದ್ದವಳು ಅವನ ಶಿಷ್ಯೆ ಬುರುಲಾಯ್ ಒಬ್ಬಳೇ.

ಅವಳು ಮೇಜಿನ ಕೆಳತುದಿಯಲ್ಲಿ ಸಮೋವರಿನ ಪಕ್ಕ ಕೂತಿದ್ದಳು. ಚಹಾ ಬಗ್ಗಿಸುವ ಕೆಲಸ ಪಂಕ್ತಿಯ ಅತಿ ಕಿರಿಯ ಹೆಂಗಸಿಗೆ ಬೀಳುತ್ತದೆ. ಡಾಕ್ಟರೇಟ್ ಬರೆದು ಮುಗಿಸುವ ಹಂತದಲ್ಲಿದ್ದರೂ ಅದು ತಪ್ಪುವುದಿಲ್ಲ. ಆರು ವರ್ಷದ ಹಿಂದೆ ತಲಾಸ್ ಕಣಿವೆಯಿಂದ ಬಂದಾಗ ಅವಳಿಗೆ ರಷ್ಯನ್ ಸರಿಯಾಗಿ ಬರುತ್ತಿರಲಿಲ್ಲ, ಪ್ರಶ್ನೆ ಕೇಳುವಾಗ ಮೊದಲು ಕೆಮ್ಮುತ್ತಿದ್ದಳು. ವಿಚಾರಗೋಷ್ಠಿಯಲ್ಲಿ ಅವಳು ಬೋರ್ಡಿನ ಮುಂದೆ ನಿಂತಾಗಲೆಲ್ಲ ಉಲಾರ್ ಅವಳ ಉಚ್ಚಾರವನ್ನು ತಿದ್ದುತ್ತಿದ್ದ, ಗಣಿತವನ್ನಲ್ಲ. ಗಣಿತದಲ್ಲಿ ತಿದ್ದುವುದಕ್ಕೆ ಏನೂ ಸಿಗುತ್ತಿರಲಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು, ಬಹುಶಃ ಅವಳಿಗೂ ಗೊತ್ತಿತ್ತು. ಒಂದು ಸಲ ಎಲ್ಲರ ಎದುರು, ಸಂತೆಯಲ್ಲಿ ಒಣಮೊಸರಿನ ಉಂಡೆ ಮಾರುವವಳ ಹಾಗೆ ಕೂಗಬೇಡ ಅಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಅವಳ ತಾಯಿ ನಿಜಕ್ಕೂ ಸಂತೆಯಲ್ಲಿ ಅದನ್ನೇ ಮಾರುತ್ತಾಳೆಂದು ಅವನಿಗೆ ಗೊತ್ತಾದದ್ದು ಒಂದು ವಾರದ ಮೇಲೆ. ಕ್ಷಮೆ ಕೇಳಬೇಕೆಂದುಕೊಂಡ, ಕೇಳಲಿಲ್ಲ. ಆಮೇಲೆ ತಾನು ಕೇಳದೇ ಇದ್ದುದಕ್ಕಾಗಿ ಅವಳ ಮೇಲೇ ಸಿಟ್ಟು ಬೆಳೆಸಿಕೊಂಡ. ಈಗ ಅವಳು ಕೆಮ್ಮುವುದಿಲ್ಲ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಅವನ ಕೋಣೆಗೆ ಬಂದು, ಬಾಗಿಲು ಮುಚ್ಚದೆ, ನಿಂತುಕೊಂಡೇ ಹೇಳಿದ್ದಳು: "ಮಧ್ಯಾಹ್ನ ಎರಡರೊಳಗೆ ನೀವು ಡಾಕ್ಟರ್ ಪಾಕ್‌ಗೆ ಫೋನ್ ಮಾಡಿ ಅಗಾಯ್. ಮಾಡ್ಲಿಲ್ಲ ಅಂದ್ರೆ ನಾನು ಮಾಡ್ತೀನಿ." ಅವನು ಸಾತಿಬಾಲ್ಡಿಯವರನ್ನು ಅಗಾಯ್, ಗುರುಗಳೇ, ಎಂದು ಕರೆಯುವ ಹಾಗೆಯೇ ಅವಳು ಅವನನ್ನು ಕರೆಯುತ್ತಿದ್ದಳು. ಆ ಮಾತಿನಲ್ಲಿ ಗೌರವ ಇದ್ದ ಜಾಗದಲ್ಲೇ ಇತ್ತು. ಅದೇ ಅವನಿಗೆ ಸಹಿಸಲಾಗದ್ದು.

ಮೇಜಿನ ಮೇಲೆ, ರೊಟ್ಟಿಗಳ ನಡುವೆ, ಕುದುರೆ ಮಾಂಸ ತುಂಬಿದ ಕರುಳನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಜೋಡಿಸಿದ್ದರು. ಅದನ್ನು ನೋಡಿದರೆ ಅವನಿಗೆ ನಿನ್ನೆ ಸಂಜೆ ನೆನಪಾಗುತ್ತಿತ್ತು, ನೋಡದಿರಲು ಆಗುತ್ತಿರಲಿಲ್ಲ. ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಕೆಲವರಿಗೆ ಹೊಟ್ಟೆಯ ಹತ್ತಿರ ಊದಿಕೊಳ್ಳುತ್ತದೆ. ಊದಿದ್ದು ಒಡೆದರೆ ಮನುಷ್ಯ ಉಳಿಯುವುದು ಕಷ್ಟ. ಒಡೆಯದಿದ್ದರೆ ತನಗೆ ಅದಿದೆಯೆಂದೇ ತಿಳಿಯದೆ ಎಂಬತ್ತರವರೆಗೆ ಕುದುರೆ ಹತ್ತಿಕೊಂಡಿರುತ್ತಾನೆ. ಕೊಯ್ಯಬೇಕೋ ಕಾಯಬೇಕೋ ಎಂದು ಆಸ್ಪತ್ರೆಯಿಂದ ಶಸ್ತ್ರವೈದ್ಯ ಡಾಕ್ಟರ್ ಪಾಕ್ ಕೇಳಿ ಕಳಿಸುತ್ತಾರೆ. ಸ್ಕ್ಯಾನಿನ ಚಿತ್ರಗಳಿಂದ ಆ ನಾಳವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು, ಅದರ ಗೋಡೆಯನ್ನು ಲಕ್ಷಾಂತರ ಚೂರುಗಳಾಗಿ ಸೀಳುವುದು, ಒಳಗಿನಿಂದ ರಕ್ತದ ಒತ್ತಡ ಕೊಟ್ಟು ಯಾವ ಚೂರು ಎಷ್ಟು ಎಳೆತ ತಡೆಯುತ್ತಿದೆ ಎಂದು ನೋಡುವುದು ಉಲಾರ್‌ನ ಕೆಲಸ. ಎಳೆತ ಒಂದು ಗೆರೆಯ ಕೆಳಗಿದ್ದರೆ ಕಾಯಿರಿ ಎಂದು ಬರೆದು ಸಹಿ ಹಾಕುತ್ತಾನೆ. ಎಂಟು ವರ್ಷದಿಂದ ಹಾಕುತ್ತಿದ್ದಾನೆ. ಬುರುಲಾಯ್‌ಳದು ಗೋಡೆಯಲ್ಲ, ರಕ್ತ. ನಿಧಾನವಾದರೆ ಮಂದವಾಗುವ, ಓಡಿದರೆ ತೆಳ್ಳಗಾಗುವ ಅದರ ಹರಿವನ್ನು ಲೆಕ್ಕಕ್ಕೆ ತರುವುದು. ಆ ಹರಿವನ್ನು ಅವನ ಗೋಡೆಗೆ ಜೋಡಿಸಲು ಹೋದಾಗ ಎರಡೂ ಒಂದಕ್ಕೊಂದು ಕೂರಲಿಲ್ಲ. ಯಾಕೆ ಕೂರುವುದಿಲ್ಲ ಎಂದು ಅವಳು ಒಂಬತ್ತು ದಿನ ಹುಡುಕಿದಳು. ಸಿಕ್ಕಿದ್ದು ಇಷ್ಟೇ: ಸ್ಕ್ಯಾನ್ ತೆಗೆಯುವಾಗ ನಾಳದಲ್ಲಿ ರಕ್ತ ಇತ್ತು, ಒತ್ತಡ ಇತ್ತು, ನಾಳ ಆಗಲೇ ಹಿಗ್ಗಿತ್ತು. ಉಲಾರ್ ಆ ಹಿಗ್ಗಿದ ಆಕಾರವನ್ನೇ ಒತ್ತಡವಿಲ್ಲದಾಗಿನ ಆಕಾರ ಎಂದು ಇಟ್ಟುಕೊಂಡು, ಅದರ ಮೇಲೆ ಇನ್ನೊಂದು ಸಲ ಒತ್ತಡ ಕೊಡುತ್ತಿದ್ದ. ಎರಡನೇ ಸಲ ಹಿಗ್ಗಿದ ನಾಳ ಇನ್ನಷ್ಟು ದುಂಡಗಾಗುತ್ತಿತ್ತು, ಗೋಡೆ ಚೂಪಾಗಿ ಬಾಗಿದ ಜಾಗಗಳು ನಯವಾಗುತ್ತಿದ್ದವು, ಎಳೆತ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತಿತ್ತು. "ಮಾಂಸ ತುಂಬಿ ಕಟ್ಟಿದ ಮೇಲೆ ನೋಡಿ ಇದು ಖಾಲಿ ಕರುಳು ಅಂದ್ರೆ ಹೇಗೆ ಅಗಾಯ್? ನಮ್ಮಮ್ಮನಿಗೆ ಹೇಳಿದ್ರೂ ನಗ್ತಾಳೆ," ಎಂದು ನಿನ್ನೆ ಅವಳು ಪರದೆ ತೋರಿಸುತ್ತ ಹೇಳಿದಾಗ, ತಾಯಿಯನ್ನು ಎಳೆದು ತಂದದ್ದು ಬೇಕೆಂದೇ ಎಂದು ಅವನಿಗೆ ಅನ್ನಿಸಿತ್ತು.

ಅವಳು ಸರಿಯಾದ ಆಕಾರ ಹಾಕಿ ಮೊದಲು ಲೆಕ್ಕ ಮಾಡಿದ್ದು ಎಸೆನ್‌ಕುಲ್‌ನದು. ಎಸೆನ್‌ಕುಲ್ ಕೊಚ್ಕೋರ್ ಕಡೆಯ ಕುದುರೆ ಕಾಯುವವನು, ಅರವತ್ತೆರಡು ವರ್ಷ, ಏಪ್ರಿಲ್‌ನಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಹೋಗುವಾಗ ತನ್ನ ನಾಳ ನೋಡಬೇಕೆಂದು ಪ್ರಯೋಗಾಲಯಕ್ಕೇ ಬಂದುಬಿಟ್ಟಿದ್ದ. ರೋಗಿಗಳು ಇಲ್ಲಿಗೆ ಬರುವುದಿಲ್ಲ. ಉಲಾರ್‌ಗೆ ಅವರು ಬರುವುದು ಬೇಕೂ ಇಲ್ಲ. ಸಂಖ್ಯೆಯಾಗಿ ಬರಲಿ, ಸಾಕು. ಕುರಿವಾಸನೆಯ ಕೋಟು, ಗಾಳಿಗೆ ಸೀಳಿದ ಕೆನ್ನೆ. ಪರದೆಯ ಮೇಲೆ ಕೆಂಪು ಹಸಿರು ಬಣ್ಣದ ಊದಿದ ಕೊಳವೆಯನ್ನು ನೋಡಿ, ಇದು ನನ್ನದೇನಾ ಎಂದು ಮೂರು ಸಲ ಕೇಳಿದ. ಉಲಾರ್ ವಿವರಿಸುತ್ತಿದ್ದರೆ ಅವನು ತಲೆಯಾಡಿಸುತ್ತ ಬುರುಲಾಯ್‌ಳ ಕಡೆ ನೋಡುತ್ತಿದ್ದ. ರಕ್ತವೂ ಕುದುರೆ ಹಾಲಿನ ಕುಮಿಸ್ ಹಾಗೇ ಅಲ್ಲವೇನಮ್ಮ, ಕಡೆಯುತ್ತಿದ್ದರೆ ಸರಿಯಿರುತ್ತದೆ, ಬಿಟ್ಟರೆ ಗಟ್ಟಿಯಾಗಿ ತಳ ಹಿಡಿಯುತ್ತದೆ ಎಂದು ಅವಳನ್ನು ಕೇಳಿದ. ಅವಳ ಮುಖ ಅರಳಿತು. ಆರು ವರ್ಷದ ಪ್ರಬಂಧವನ್ನು ಕುದುರೆ ಕಾಯುವವನೊಬ್ಬ ಒಂದು ಮಾತಿನಲ್ಲಿ ಹೇಳಿದನೆಂದು ಮಾರನೇ ದಿನವೂ ಹೇಳಿಕೊಂಡು ತಿರುಗಿದಳು. ಉಲಾರ್ ಅಲ್ಲೇ ನಿಂತಿದ್ದ, ತನ್ನ ಬಣ್ಣಬಣ್ಣದ ಗೋಡೆಯ ಪಕ್ಕದಲ್ಲಿ, ಅವನನ್ನು ಇಬ್ಬರೂ ಏನೂ ಕೇಳಲಿಲ್ಲ. ಮರುವಾರ ವರದಿಗೆ ಸಹಿ ಹಾಕಿದ: ಸದ್ಯಕ್ಕೆ ಅಪಾಯವಿಲ್ಲ, ಅಕ್ಟೋಬರಿನಲ್ಲಿ ಮತ್ತೆ ನೋಡಬಹುದು. ಇವತ್ತು ಮಧ್ಯಾಹ್ನ ಮೂರಕ್ಕೆ ಎಸೆನ್‌ಕುಲ್‌ನ ಮನೆಯವರು ಡೇರೆ ಸಾಮಾನು ಲಾರಿಗೆ ಹೇರಿ ಬೇಸಗೆಯ ಹುಲ್ಲುಗಾವಲಿಗೆ ಹೊರಡುತ್ತಾರೆ. ಅಲ್ಲಿಗೆ ಫೋನ್ ಹತ್ತುವುದಿಲ್ಲ. ಮೂರು ಸಾವಿರ ಮೀಟರಿನ ಎತ್ತರ, ಆಸ್ಪತ್ರೆಗೆ ಒಂದು ದಿನದ ದಾರಿ, ಅವನು ಪಳಗದ ಕುದುರೆಗೆ ಹಗ್ಗ ಹಾಕಿ ಎಳೆಯುತ್ತಾನೆ. ಬುರುಲಾಯ್‌ಳ ಲೆಕ್ಕದಲ್ಲಿ ಅವನ ನಾಳದ ಎಡಗೋಡೆಯ ಎಳೆತ ಗೆರೆಯನ್ನು ಆಗಲೇ ದಾಟಿತ್ತು.

ನೋಡೋಣ, ಅಂದಿದ್ದ ಉಲಾರ್. ನಿನ್ನೆಯೂ ಅದನ್ನೇ ಅಂದ, ಬೆಳಿಗ್ಗೆಯೂ ಅದನ್ನೇ. ಲೆಕ್ಕವನ್ನು ಇನ್ನೊಮ್ಮೆ ಪರೀಕ್ಷಿಸಬೇಕು, ಚೂರುಗಳನ್ನು ಇನ್ನೂ ಸಣ್ಣದಾಗಿ ಮಾಡಿ ನೋಡಬೇಕು, ಒಬ್ಬ ರೋಗಿಯ ಮೇಲೆ ತೀರ್ಮಾನ ಮಾಡಬಾರದು. ಇವೆಲ್ಲ ಸರಿಯಾದ ಮಾತುಗಳೇ. ಅವನು ತನ್ನ ಗುರುಗಳಿಂದ ಕಲಿತ, ಶಿಷ್ಯರಿಗೆ ಕಲಿಸಿದ ಮಾತುಗಳು. ಅವುಗಳ ಹಿಂದೆ ನಿಂತುಕೊಂಡು ಅವನು ಕಾಯುತ್ತಿದ್ದದ್ದು ಮೂರು ಗಂಟೆಗೆ. ಮೂರಾದರೆ ಲಾರಿ ಹೋಗಿರುತ್ತದೆ, ಆಮೇಲೆ ಫೋನ್ ಮಾಡಿಯೂ ಉಪಯೋಗವಿರುವುದಿಲ್ಲ, ಉಪಯೋಗವಿಲ್ಲದ್ದನ್ನು ಮಾಡಲಿಲ್ಲವೆಂದು ಯಾರೂ ಅನ್ನುವುದಿಲ್ಲ. ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದು ಈಗ, ಪಕ್ಕೆಲುಬಿನ ಮಾಂಸವನ್ನು ಚಾಕುವಿನಿಂದ ಬಿಡಿಸುತ್ತಿರುವಾಗ. ಕೈ ನಿಂತಿತು. ಅದಕ್ಕಿಂತ ಕೆಳಗೆ ಇನ್ನೂ ಒಂದಿತ್ತು, ಅದನ್ನು ಅವನು ಬುರುಲಾಯ್‌ಗೆ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ: ಅವನಿಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಇದೇ ತಪ್ಪಿನ ಬಗ್ಗೆ ಹೊರದೇಶದವರು ಯಾರೋ ಬರೆದದ್ದನ್ನು ಟ್ರಾಲಿಬಸ್ಸಿನಲ್ಲಿ ನಿಂತುಕೊಂಡು ಓದಿದ್ದ. ಹಿಗ್ಗಿದ ಆಕಾರದಿಂದ ಹಿಂದಕ್ಕೆ ಹೋಗಿ ಹಿಗ್ಗದ ಆಕಾರವನ್ನು ಹುಡುಕುವುದು ತನ್ನಿಂದ ಆಗದ್ದೇನಲ್ಲ ಎಂದುಕೊಂಡಿದ್ದ. ಎರಡು ವಾರ ಪ್ರಯತ್ನಿಸಿದ. ಪ್ರತಿ ಸಲವೂ ಲೆಕ್ಕ ಅರ್ಧದಲ್ಲಿ ಮುರಿದುಬೀಳುತ್ತಿತ್ತು, ಗೋಡೆ ತನ್ನೊಳಗೆ ತಾನೇ ಮಡಚಿಕೊಂಡು ಪರದೆಯ ಮೇಲೆ ಚಿಂದಿ ಬಟ್ಟೆಯ ಹಾಗೆ ಕಾಣುತ್ತಿತ್ತು. ಅದೇ ತಿಂಗಳು ಹಳೆಯ ಲೆಕ್ಕದ ಪ್ರಕಾರ ಬಂದ ಒಂದು ಉತ್ತರ ಶಸ್ತ್ರಚಿಕಿತ್ಸೆಯಲ್ಲಿ ಕಂಡದ್ದಕ್ಕೆ ಸರಿಹೊಂದಿತು, ಡಾಕ್ಟರ್ ಪಾಕ್ ಫೋನಿನಲ್ಲಿ ಶಭಾಷ್ ಅಂದರು. ವ್ಯತ್ಯಾಸ ಅಷ್ಟೇನೂ ಇರಲಿಕ್ಕಿಲ್ಲ ಎಂದು ತೀರ್ಮಾನಿಸಿ ಅವನು ಆ ಕಾಗದವನ್ನು ಮಡಚಿ ಒಳಗಿಟ್ಟ. ತನ್ನ ಕೈಯಲ್ಲಿ ಮುರಿದುಬಿದ್ದ ಲೆಕ್ಕ ಅವಳ ಕೈಯಲ್ಲಿ ಒಂಬತ್ತು ದಿನಕ್ಕೆ ಗಟ್ಟಿಯಾಗಿ ನಿಂತಿತು. ನಿಜ ಹೇಳಬೇಕೆಂದರೆ ಎಸೆನ್‌ಕುಲ್‌ನ ನಾಳಕ್ಕಿಂತ ಹೆಚ್ಚಾಗಿ ಇದೇ ಅವನನ್ನು ನಿನ್ನೆಯಿಂದ ತಿನ್ನುತ್ತಿತ್ತು.

ಪಕ್ಕದಲ್ಲಿದ್ದ ಬೈಶೆನ್ ಮೊಣಕೈಯಿಂದ ತಿವಿದ. ಬೈಶೆನ್ ಅಣೆಕಟ್ಟುಗಳ ಲೆಕ್ಕ ಮಾಡುವವನು, ಓರಗೆಯವನು, ಕುಡಿದರೆ ಬಾಯಿಗೆ ಬೀಗವಿಲ್ಲ. ನಿನ್ನ ನಾಳ ಒಡೆದರೆ ಒಬ್ಬ ಸಾಯುತ್ತಾನೆ, ನನ್ನ ಅಣೆಕಟ್ಟು ಒಡೆದರೆ ಊರೇ ಹೋಗುತ್ತದೆ, ಆದರೂ ನಿನ್ನ ಮುಖ ನೋಡಿದರೆ ಸಾವಿನ ಮನೆಗೆ ಬಂದ ಹಾಗಿದೆಯಲ್ಲ ಎಂದು ಅವನು ನಗುತ್ತಿದ್ದ. ಅಷ್ಟರಲ್ಲಿ ಸಾತಿಬಾಲ್ಡಿ ಅಗಾಯ್ ಲೋಟ ಹಿಡಿದು ಎದ್ದರು. ಎಲ್ಲರೂ ಎದ್ದರು. ಅಗಾಯ್ ತಮ್ಮ ಬಾಳಿನ ಬಗ್ಗೆ, ತೀರಿಹೋದ ಹೆಂಡತಿಯ ಬಗ್ಗೆ, ಚಳಿಗಾಲದಲ್ಲಿ ಕರೆಂಟಿಲ್ಲದೆ ಕೈಯಲ್ಲೇ ಲೆಕ್ಕ ಮಾಡಿದ ವರ್ಷಗಳ ಬಗ್ಗೆ ಹೇಳುತ್ತ ಹೇಳುತ್ತ ಸಚಿವಾಲಯದವನ ಕಡೆ ತಿರುಗಿದರು. ಇಲ್ಲಿ ನಾವು ಬರೀ ಕಾಗದ ತುಂಬಿಸುತ್ತೇವೆ ಎಂದುಕೊಳ್ಳಬೇಡಿ, ಅಂದರು. ಆಮೇಲೆ ಉಲಾರ್‌ನ ಕಡೆ ಕೈ ತೋರಿಸಿದರು. "ಈ ನಮ್ಮ ಹುಡುಗ ಇದಾನಲ್ಲ, ಇವನ ಸಹಿ ನೋಡಿ ಆಸ್ಪತ್ರೆಯವರು ಚಾಕು ಎತ್ತುತ್ತಾರೆ, ಇವನ ಸಹಿ ನೋಡಿ ಚಾಕು ಇಳಿಸುತ್ತಾರೆ. ಈ ಮೇಜಿನಲ್ಲಿ ದೇವರಿಗೆ ಲೆಕ್ಕ ಒಪ್ಪಿಸೋಕೆ ಹೆದರದವನು ಅಂದ್ರೆ ಇವನೊಬ್ಬನೇ." ಚಪ್ಪಾಳೆ ಬಿತ್ತು. ಸಚಿವಾಲಯದವನು ಮೇಜಿನಾಚೆಯಿಂದ ಕೈ ಚಾಚಿ ಉಲಾರ್‌ನ ಕೈ ಕುಲುಕಿದ. ಆ ಕೈ ಮಜ್ಜೆಯ ಜಿಡ್ಡಿನಿಂದ ಬೆಚ್ಚಗಿತ್ತು. ಉಲಾರ್ ತಲೆ ಬಗ್ಗಿಸಿದ. ವಿನಯ ಎಂದುಕೊಂಡಿರಬೇಕು ಜನ. ಇಪ್ಪತ್ತು ವರ್ಷ ಈ ಮುದುಕನ ಬಾಯಿಂದ ಇಂಥ ಒಂದು ಮಾತಿಗೆ ಅವನು ಕಾದಿದ್ದ, ಬರಬಾರದ ದಿನವೇ ಬಂತು. ಅಗಾಯ್‌ರ ಮೇಲೆ, ಸಚಿವಾಲಯದವನ ಮೇಲೆ, ಇಡೀ ಊರಿನ ಮೇಲೆ ಅವನಿಗೆ ಕೆಟ್ಟ ಕೋಪ ಬಂತು. ಕೂರುವಾಗ ಗಡಿಯಾರ ನೋಡಿದ. ಒಂದು ಇಪ್ಪತ್ತೈದು.

ಚಹಾ ಬಂತು. ಬುರುಲಾಯ್ ಬಟ್ಟಲುಗಳನ್ನು ತುಂಬುತ್ತಿದ್ದಳು, ಕೈಯಿಂದ ಕೈಗೆ ಅವು ಮೇಲಕ್ಕೆ ಸಾಗುತ್ತಿದ್ದವು: ಪ್ರತಿಯೊಂದರಲ್ಲೂ ಅರ್ಧ, ಕೆಲವುಗಳಲ್ಲಿ ಅರ್ಧಕ್ಕೂ ಕಡಿಮೆ. ಬೇಕಾದವರಿಗೆ ಹಾಗೇ ಕೊಡುವುದು. ಬೇಗ ಮುಗಿಯಲಿ, ಬಟ್ಟಲು ಮತ್ತೆ ತನ್ನ ಕೈಗೆ ಬರಲಿ, ಮತ್ತೆ ಬಗ್ಗಿಸುವ ಭಾಗ್ಯ ಸಿಗಲಿ ಎಂದು. ಅಗಾಯ್‌ಗೆ ಎರಡು ಗುಟುಕು. ಬೈಶೆನ್‌ಗೆ ಅರ್ಧ. ಉಲಾರ್‌ನ ಬಟ್ಟಲನ್ನು ಅವಳು ಬೇರೆಯವರ ಕೈಗೆ ಕೊಡಲಿಲ್ಲ, ತಾನೇ ಎದ್ದು ಗೋಡೆಯ ಪಕ್ಕದಲ್ಲಿ ನಿಧಾನವಾಗಿ ನಡೆದುಕೊಂಡು ಬಂದಳು. ನಿಧಾನ ಯಾಕೆಂದು ಬಟ್ಟಲು ಮೇಜಿಗೆ ತಾಗಿದಾಗ ಗೊತ್ತಾಯಿತು. ಅದು ಅಂಚಿನವರೆಗೆ ತುಂಬಿತ್ತು. ಇಟ್ಟ ಅಲುಗಾಟಕ್ಕೆ ಒಂದಿಷ್ಟು ಚೆಲ್ಲಿ ಬಿಳಿ ಹಾಸಿನ ಮೇಲೆ ಹರಡಿತು. ತುಂಬಿದ ಬಟ್ಟಲು ಕೊಡುವುದು ಯಾರಿಗೆಂದು ಈ ದೇಶದಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು: ಇದನ್ನು ಕುಡಿ, ಏಳು, ಹೊರಡು. ಬೈಶೆನ್ ನೋಡಿದ, ಅವನ ನಗು ಮೇಜಿನ ಅರ್ಧಕ್ಕೆ ಕೇಳಿಸಿತು. "ಏನಯ್ಯಾ ಇದು, ನಿನ್ನ ಹುಡುಗಿ ನಿನ್ನನ್ನೇ ಪಂಕ್ತಿಯಿಂದ ಎಬ್ಬಿಸ್ತಾ ಇದಾಳೆ." ತಲೆಗಳು ತಿರುಗಿದವು. ಬುರುಲಾಯ್ ಕ್ಷಮೆ ಕೇಳಲಿಲ್ಲ, ಕೈ ತಪ್ಪಿತು ಅನ್ನಲೂ ಇಲ್ಲ. ಎರಡೂ ಕೈ ಕಟ್ಟಿಕೊಂಡು, ಹಿರಿಯರ ಮುಂದೆ ನಿಲ್ಲಬೇಕಾದ ಹಾಗೆ ಕಣ್ಣು ತಗ್ಗಿಸಿ ನಿಂತಿದ್ದಳು. "ಬಿಸಿ ಇದೆ ಅಗಾಯ್," ಅಂದಳು. ಅಷ್ಟೇ. ಅವಳ ಕೆನ್ನೆಗೆ ಒಂದು ಬಾರಿಸಬೇಕೆನ್ನಿಸಿತು ಅವನಿಗೆ. ಯಾವತ್ತೂ ಯಾರ ಮೇಲೂ ಕೈ ಎತ್ತದವನು. ತೊಡೆಯ ಮೇಲಿದ್ದ ಕೈ ತಾನಾಗಿ ಮುಷ್ಟಿಯಾದದ್ದು ನೋಡಿ ಅವನಿಗೇ ಹೇಸಿಗೆಯಾಯಿತು. ಬಟ್ಟಲು ಮುಟ್ಟದೆ ಎದ್ದ. ಮನೆಯಿಂದ ಫೋನು ಎಂದು ಬೈಶೆನ್‌ಗೆ ಸುಳ್ಳು ಹೇಳಿ ಬಾಗಿಲ ಕಡೆ ನಡೆದ. ಇಪ್ಪತ್ತು ಹೆಜ್ಜೆ ಇದ್ದಿರಬಹುದು, ಒಂದೊಂದು ಹೆಜ್ಜೆಗೂ ಬೆನ್ನಿನ ಮೇಲೆ ಮೂವತ್ತು ಜನರ ಕಣ್ಣು ಇತ್ತು.

ಹೊರಗಿನ ಓಣಿಯಲ್ಲಿ ಕೋಟು ನೇತುಹಾಕುವ ಗೂಟಗಳು ಸಾಲಾಗಿ ಖಾಲಿ ಇದ್ದವು. ಅಡುಗೆಮನೆಯಿಂದ ಪಾತ್ರೆಗಳ ಸದ್ದು, ಹೆಂಗಸೊಬ್ಬಳು ಯಾರಿಗೋ ಬೈಯುವುದು ಕೇಳುತ್ತಿತ್ತು. ಅವನು ಫೋನ್ ತೆಗೆದ, ನಂಬರ್ ಹುಡುಕಿದ, ನಿಂತ. ಒಂದೂವರೆ. ಈ ಕ್ಷಣದಲ್ಲಿ ಅವನಿಗೆ ಒಂದು ಒಳ್ಳೆಯ ಯೋಚನೆಯೂ ಬಂತು, ಅದನ್ನು ಇಲ್ಲ ಅನ್ನಬಾರದು: ಆ ಕುದುರೆಯವನ ಸೀಳಿದ ಕೆನ್ನೆ, ಅವನು ಪರದೆಯನ್ನು ಬೆರಳಿನಿಂದ ಮುಟ್ಟಿ ತನ್ನ ಹೊಟ್ಟೆಯನ್ನೂ ಮುಟ್ಟಿ ನೋಡಿಕೊಂಡದ್ದು ಕಣ್ಣ ಮುಂದೆ ಬಂತು. ಸಾಯಬಾರದು ಅವನು ಎಂದು ನಿಜವಾಗಿ ಅನ್ನಿಸಿತು. ಆ ಅನ್ನಿಸಿಕೆಯ ಬಿಸಿ ಆರುವುದರೊಳಗೆ ಬಟನ್ ಒತ್ತಿದ. ಡಾಕ್ಟರ್ ಪಾಕ್ ಮೂರನೇ ರಿಂಗಿಗೆ ಎತ್ತಿದರು.

"ಎಸೆನ್‌ಕುಲ್ ಲೆಕ್ಕದಲ್ಲಿ ಒಂದು ತಪ್ಪಾಗಿದೆ ಡಾಕ್ಟ್ರೇ. ಎಳೆತ ನಾವು ಹೇಳಿದ್ದಕ್ಕಿಂತ ಜಾಸ್ತಿ ಇದೆ. ಅವನನ್ನ ಮೇಲೆ ಹೋಗೋಕೆ ಬಿಡಬೇಡಿ, ಈಗಲೇ ಫೋನ್ ಮಾಡಿ ತಡೀರಿ."

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಹೇಳಬೇಕಾದದ್ದು ಅಷ್ಟೇ ಇತ್ತು, ಒಬ್ಬ ಮನುಷ್ಯ ಬದುಕಲು ಅಷ್ಟು ಸಾಕಿತ್ತು. ಆದರೆ ಆ ಕಡೆ ಡಾಕ್ಟರು ಫೈಲು ತಿರುವುತ್ತಿದ್ದರು. ಅಷ್ಟರಲ್ಲಿ ಉಲಾರ್‌ಗೆ ಎಂಟು ವರ್ಷದ ಸಹಿಗಳು ಒಂದೊಂದಾಗಿ ಕಂಡವು, ಬೈಶೆನ್‌ನ ನಗು ಕೇಳಿಸಿತು, ಒಳಗೆ ಮೇಜಿನ ಮೇಲೆ ಚಹಾ ಚೆಲ್ಲಿ ಹರಡುತ್ತಿರುವುದು ಕಾಣಿಸಿತು.

"ನಮ್ಮ ಹುಡುಗಿ ಮಾಡಿದ್ದು," ಎಂದ. "ಆಕಾರ ಹಾಕೋವಾಗ ಎಡವಿದಾಳೆ. ನಿನ್ನೆ ನಾನು ಕೂತು ನೋಡ್ದಾಗ ಸಿಕ್ತು."

ಯಾವ ಹುಡುಗಿ ಎಂದು ಡಾಕ್ಟರು ಕೇಳಿದರು. ಬುರುಲಾಯ್ ಎಂದ. ರೋಗಿಯ ಫೈಲಿನಲ್ಲಿ ಬರೆಯಬೇಕಾಗುತ್ತದೆ, ಪೂರ್ತಿ ಹೆಸರು ಹೇಳಿ ಎಂದರು. ದನಿಯಲ್ಲಿ ಏನೂ ಇರಲಿಲ್ಲ, ಔಷಧದ ಹೆಸರು ಕೇಳಿದ ಹಾಗೆ ಕೇಳಿದರು. ಉಲಾರ್ ಒಂದು ಗಳಿಗೆ ಖಾಲಿ ಗೂಟಗಳನ್ನು ನೋಡಿದ.

"ಸಿದಿಕೋವಾ. ಬುರುಲಾಯ್ ತುರ್ದುಬೆಕೋವ್ನಾ," ಎಂದು ನಿಧಾನವಾಗಿ, ಬರೆದುಕೊಳ್ಳಲು ಅನುಕೂಲವಾಗುವ ಹಾಗೆ ಬಿಡಿಸಿ ಹೇಳಿದ. ತನ್ನ ದನಿ ಒಂದಿಷ್ಟೂ ನಡುಗಲಿಲ್ಲ ಎನ್ನುವುದನ್ನು ಗಮನಿಸಿದ. ಅವನಿಗೆ ಅದು ಹಿತವೆನ್ನಿಸಿತು.

"ಎಸೆನ್‌ಕುಲ್ ಇಲ್ಲೇ ಇದಾನೆ," ಎಂದರು ಡಾಕ್ಟರು. "ಹನ್ನೊಂದೂವರೆಗೆ ಅಳಿಯ ಕರ್ಕೊಂಡು ಬಂದ. ನಾಳೆ ಬೆಳಿಗ್ಗೆ ಕೊಯ್ತೀವಿ. ಬುರುಲಾಯ್ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದ್ಳು."

ಡಾಕ್ಟರು ಮುಂದುವರಿಸಿದರು.

"'ಅಗಾಯ್ ಕೂತು ತಪ್ಪು ಹಿಡಿದ್ರು, ನಿಮಗೆ ಹೇಳು ಅಂದ್ರು' ಅಂತ ಅವಳು ಅಂದ್ಳು. ಯಾರ ತಪ್ಪು ಅಂತ ನಾನು ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ಇನ್ನೂ ಡಿಗ್ರಿ ಮುಗೀದ ಹುಡುಗಿ ಮಾತಿಗೆ ನಾನು ಮನುಷ್ಯನ್ನ ಬೆಟ್ಟದಿಂದ ಇಳಿಸ್ತಾ ಇರ್ಲಿಲ್ಲ, ಅದು ಅವಳಿಗೂ ಗೊತ್ತು. ನಿಮ್ಮ ಹೆಸರು ಹೇಳಿದ್ದಕ್ಕೆ ಇಳಿಸ್ದೆ." ಕಾಗದ ಸರಿಸಿದ ಸದ್ದು ಕೇಳಿತು. "ಬೆಳಿಗ್ಗೆ ಅವಳು ನಿಮ್ಮ ಹೆಸರು ಬರೆಸಿದ್ಳು. ಈಗ ನೀವು ಅವಳ ಹೆಸರು ಬರೆಸಿದ್ರಿ. ಬೇರೇನಾದ್ರೂ ಹೇಳೋದಿದೆಯಾ?"

ಹಾಗಾದರೆ ಒಂಬತ್ತಕ್ಕೆ ಅವಳು ಕೋಣೆಗೆ ಬಂದು ಗಡುವು ಕೊಟ್ಟದ್ದು, ಮೇಜಿನ ತುದಿಯಿಂದ ಇಷ್ಟು ಹೊತ್ತೂ ನೋಡುತ್ತ ಕೂತದ್ದು, ಬಟ್ಟಲು ತುಂಬಿ ತಂದಿಟ್ಟದ್ದು, ಎಲ್ಲ ಆ ಕುದುರೆಯವನಿಗಾಗಿ ಅಲ್ಲ. ಅವನು ಆಗಲೇ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತಿದ್ದ. ಉಲಾರ್ ತಾನಾಗಿ ಎದ್ದು ಹೋಗಿ ತನ್ನ ತಪ್ಪು ಹೇಳಲಿ ಎಂದು ಅವಳು ಅವನಿಗಾಗಿ ಒಂದು ಬಾಗಿಲು ತೆರೆದಿಟ್ಟಿದ್ದಳು, ಅಷ್ಟೇ. ಈ ಫೋನಿನಿಂದ ಜಗತ್ತಿನಲ್ಲಿ ಆದ ಒಂದೇ ಒಂದು ಕೆಲಸವೆಂದರೆ ಅವಳ ಹೆಸರು ಫೈಲಿಗೆ ಹೋದದ್ದು. ಅದನ್ನು ಹೊಡೆದುಹಾಕಿ ಎಂದು ಈಗಲೂ ಹೇಳಬಹುದಿತ್ತು. ಡಾಕ್ಟರು ಕಾಯುತ್ತಿದ್ದರು, ಅವಸರದ ಮನುಷ್ಯ, ಆದರೂ ಕಾಯುತ್ತಿದ್ದರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಬಂದದ್ದು ಬೇರೆ. ಅವಳು ತನ್ನನ್ನು ಹಿಡಿದುಕೊಟ್ಟಿದ್ದರೆ ಕ್ಷಮಿಸಿಬಿಡುತ್ತಿದ್ದ. ಕಾಪಾಡಿದಳಲ್ಲ, ಅದಕ್ಕೆ ಅವನು ಆ ಹುಡುಗಿಯನ್ನು ಹಿಂದೆಂದೂ ದ್ವೇಷಿಸದಷ್ಟು ದ್ವೇಷಿಸಿದ.

"ಇಲ್ಲ," ಎಂದ ಉಲಾರ್. "ಅಷ್ಟೇ."